ಕೀಲಿ ಹಾಕಿದ ಮೈದಾನದೊಳಗಿಂದ ಗೋಲು ಹೆಂಗ ಬರಬೇಕ್ರಿ ಸಾಹೇಬರ?

ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಮಾನ್ಯ ಸಾಹೇಬರೇ,

ನೀವು ನಮ್ಮೂರ ಮೈದಾನಕ್ಕೆ ಕೀಲಿ ಜಡಿದಿರಿ. ಜಡಿದ ಮೇಲೆ ಪೇಪರಿನಲ್ಲಿ ಅರ್ಧ ಪುಟದ ಲೇಖನ ಬರೆದಿರಿ. ಏಷ್ಯಾ ಕಪ್ಪಿನಲ್ಲಿ ನಮ್ಮ ದೇಶದ ತಂಡ ಒಂದೂ ಗೋಲು ಹೊಡೆಯದೆ ತಿರುಗಿ ಬಂದದ್ದಕ್ಕೆ ಕಾರಣ, "ಗ್ರಾಮೀಣ ಭಾಗದ ಮಕ್ಕಳು ಮೈದಾನದತ್ತ ಮುಖ ಮಾಡದಿರುವುದು, ಅದರಲ್ಲೂ ಹೆಣ್ಣುಮಕ್ಕಳನ್ನು ಪಾಲಕರು ಆಟಕ್ಕೆ ಕಳುಹಿಸದಿರುವುದು" ಎಂದು ಅದರಲ್ಲಿ ಅಪ್ಪಣೆ ಕೊಡಿಸಿದಿರಿ. ಓದಿಸಿ ಕೇಳಿದಾಗ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ನಗು ಆಗಲೇ ಎದ್ದು ಹೋಯಿತು, ಸಿಟ್ಟು ಮಾತ್ರ ಇನ್ನೂ ಕಟ್ಟೆಯ ಮೇಲೆ ಕುಂತಿದೆ. ಬಾವಿಗೆ ಮುಚ್ಚಳ ಬಡಿದವನೊಬ್ಬ, ಈ ಊರಿನವರಿಗೆ ನೀರಡಿಕೆಯೇ ಆಗುವುದಿಲ್ಲ ಎಂದು ಸರಕಾರಕ್ಕೆ ಬರೆದು ಕಳಿಸಿದನಂತೆ. ನೀವು ಮಾಡಿದ್ದು ಅದಕ್ಕಿಂತ ಏನು ಬೇರೆ, ಹೇಳ್ರಿ?

ನಾನು ನಾಗನೂರ ಕಡೆಯ ಒಕ್ಕಲುತನದವ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವ. ಮಾಸ್ತರರು ಹೊಡೆದರೆಂದು ಬಿಡಲಿಲ್ಲ, ನಾನು ಅವರಿಗೆ ಎದುರು ಮಾತಾಡುತ್ತೇನೆಂದು ಅವರೇ ಬಿಡಿಸಿದರು. ಆ ಚಟ ಹಲ್ಲು ಹೋದರೂ ಹೋಗಲಿಲ್ಲ. ಆದ್ದರಿಂದ ಈ ಪತ್ರದಲ್ಲಿ ನಿಮ್ಮ ಮನಸ್ಸಿಗೆ ನೋವಾಗುವಂಥದ್ದು ಏನಾದರೂ ಇದ್ದರೆ, ಅದು ಬೇಕೆಂದೇ ಬರೆದದ್ದು ಎಂದು ತಿಳಿಯಬೇಕು.

ಪಂದ್ಯಾವಳಿ ಶುರುವಾಗುವ ಮೊದಲು ನೀವು ಅದೇ ಪೇಪರಿನಲ್ಲಿ "ತಂಡಗಳ ಪರಿಚಯ" ಎಂದು ಒಂದನ್ನು ಬರೆದಿದ್ದಿರಿ. ನನ್ನ ಮೊಮ್ಮಗಳು ದಾಕ್ಷಾಯಿಣಿ ಅದನ್ನು ಸಿದ್ರಾಯನ ಹಿಟ್ಟಿನ ಗಿರಣಿಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದಳು. ಆಕೆ ಒಂಬತ್ತನೇ ಇಯತ್ತೆ, ನಮ್ಮೂರ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ಮುಂದೆ ನಿಂತು ಗೋಲು ಹೊಡೆಯುವಾಕೆ. ಹೌದ್ರಿ, ನಮ್ಮೂರಿಗೂ ಒಂದು ತಂಡ ಇದೆ, ಅದೂ ಹುಡುಗಿಯರದು. ನಿಮ್ಮ ಲೇಖನದ ಪ್ರಕಾರ ಅದು ಇರಲಿಕ್ಕೆ ಸಾಧ್ಯವಿಲ್ಲ, ಆದರೆ ಆ ಹುಡುಗಿಯರು ಪೇಪರು ಓದುವ ಮೊದಲೇ ಆಡಲು ಕಲಿತುಬಿಟ್ಟಿದ್ದರು, ಏನು ಮಾಡೋಣ?

ಆಸ್ಟ್ರೇಲಿಯಾದವರ ಪರಿಚಯ ಬಂತು. ಯಾರು ಎಡಗಾಲಿನವ, ಯಾರು ತಲೆಯಿಂದ ಹೊಡೆಯುತ್ತಾನೆ, ಕೋಚ್ ಎಂಥ ಆಟ ಆಡಿಸುತ್ತಾನೆ, ಎಲ್ಲ ಬಿಡಿಸಿ ಬರೆದಿದ್ದಿರಿ. ಉಜ್ಬೇಕಿಸ್ತಾನದ್ದೂ ಹಾಗೇ, ಸಿರಿಯಾದ್ದೂ ಹಾಗೇ. ಆಮೇಲೆ ನಮ್ಮ ದೇಶದ ಸರದಿ. "ನೂರಾ ನಲವತ್ತು ಕೋಟಿ ಹೃದಯಗಳ ಮಿಡಿತ." ಮುಂದೆ? "ಅರವತ್ತರ ದಶಕದಲ್ಲಿ ಇಡೀ ಏಷ್ಯಾದಲ್ಲಿ ಎರಡನೆಯ ಸ್ಥಾನ ಗಳಿಸಿದ ಭವ್ಯ ಪರಂಪರೆ." ಮುಂದೆ? "ತಂಡದ ಬಲ: ಅಭಿಮಾನಿಗಳ ಪ್ರೀತಿ." ತಂಡದ ದೌರ್ಬಲ್ಯ ಎಂಬ ಕಡೆ ಏನೂ ಬರೆದಿರಲಿಲ್ಲ. ಜ್ವಾಳ ಬೀಸಿಸಲು ಬಂದು ಕುಂತಿದ್ದ ಕಾಶೆವ್ವ, ನನಗಿಂತ ಹಿರಿಯಳು, ಕೇಳಿದಳು:

"ಯವ್ವಾ ದಾಕ್ಷಾಯಿಣಿ, ಇದೇನ ಆಟದವರ ಸುದ್ದಿಯೋ, ಬೀಗರಿಗೆ ಕಳಿಸೋ ವರನ ಸುದ್ದಿಯೋ? ಮುತ್ತ್ಯಾ ಹಂಗಿದ್ದ, ಮನಿತನ ಹಿಂಗಿತ್ತು ಅಂತ ಬರದಾರ. ಹುಡಗ ಏನ ಮಾಡ್ತಾನ ಅನ್ನೂದ ಎಲ್ಲೂ ಇಲ್ಲಲ್ಲ?"

ಪುಟದಲ್ಲಿ ತಂಡದ ಫೋಟೊ ಕಡ್ಡಿಪೆಟ್ಟಿಗೆಯಷ್ಟಿತ್ತು. ಪಕ್ಕದಲ್ಲಿ ನಿಮ್ಮ ಫೋಟೊ ರೊಟ್ಟಿಯಷ್ಟಿತ್ತು. ಸಿದ್ರಾಯ ಕನ್ನಡಕ ಏರಿಸಿ ಅದನ್ನು ನೋಡಿದ.

"ತಂಗಿ, ಇವರು ಯಾವ ಜಾಗಾದಾಗ ಆಡ್ತಾರ?"

"ಇವರು ಆಡೂದಿಲ್ಲೊ ಕಾಕಾ, ಆಡಸ್ತಾರ."

"ಹಂಗಾರ ಆತ ಬಿಡು," ಎಂದ ಸಿದ್ರಾಯ, "ನಮ್ಮದು ತೀರಿತು."

ಆತನ ಬಾಯಿ ಹಾಳಾಗಲಿ, ಹಾಗೇ ಆಯಿತು. ಮೂರು ಪಂದ್ಯವನ್ನೂ ಅದೇ ಗಿರಣಿಯಲ್ಲಿ ನೋಡಿದೆವು, ಹಿಟ್ಟಿನ ಚೀಲದ ಮೇಲೆ ಟೀವಿ ಇಟ್ಟುಕೊಂಡು. ಆಸ್ಟ್ರೇಲಿಯಾದ ಮುಂದೆ ಅರ್ಧ ಆಟದವರೆಗೆ ನಮ್ಮವರು ಗೋಡೆಯಂತೆ ನಿಂತರು, ಖರೆ ಹೇಳಬೇಕು. ಆಮೇಲೆ ಗೋಡೆ ಬಿತ್ತು. ಉಜ್ಬೇಕಿಸ್ತಾನದವರು ನಾವು ಕುಂಡಿ ಊರುವುದರೊಳಗೆ ಒಂದು ಹೊಡೆದರು, ವಿರಾಮದೊಳಗೆ ಮೂರು ಮುಗಿಸಿದರು. ಸಿರಿಯಾದ ಮುಂದೆ ಕೊನೆಕೊನೆಗೆ ಒಂದು ಬಿಟ್ಟುಕೊಟ್ಟೆವು. ಮೂರೂ ಪಂದ್ಯ ಸೇರಿ ನಾವು ಹೊಡೆದದ್ದು ಏನೂ ಇಲ್ಲ. ಬಂದ ತಂಡಗಳೊಳಗೆ ತಳಕ್ಕೆ ಕುಂತೆವು.

ಆಡಿದ ಹುಡುಗರನ್ನು ನಾನು ಬೈಯುವುದಿಲ್ಲ. ಅವರು ಓಡಿದರು, ಬಿದ್ದರು, ಎದ್ದರು, ಮತ್ತೆ ಓಡಿದರು. ಎತ್ತು ಎಳೆಯದಿದ್ದರೆ ಬಾರಕೋಲು ಎತ್ತುವ ಮೊದಲು "ಮೇವು ಹಾಕಿದ್ದಿಯೇನೋ" ಎಂದು ಒಡೆಯನನ್ನು ಕೇಳುವ ರೂಢಿ ನಮ್ಮದು. ನಿಮ್ಮ ರೂಢಿ ಬೇರೆ. ನೀವು ಎತ್ತಿನ ಬಗ್ಗೆ ಪರಿಚಯ ಬರೆಯುತ್ತೀರಿ, ಮೇವಿನ ಬಣವೆಗೆ ಕೀಲಿ ಹಾಕುತ್ತೀರಿ, ಎಳೆಯದಿದ್ದಾಗ ಹೊಲಕ್ಕೆ ಬಯ್ಯುತ್ತೀರಿ.

ಮೂರನೆಯ ಪಂದ್ಯ ಮುಗಿದಾಗ ಸಿದ್ರಾಯ ಟೀವಿ ಆರಿಸಿದ. ಆಗ ಯಶೋಧರಾ ಎಂಬ ಹುಡುಗಿ ಒಂದು ಮಾತಂದಳು. ಯಶೋಧರಾ ನಮ್ಮೂರ ತಂಡದ ಗೋಲು ಕಾಯುವಾಕೆ, ಕಬ್ಬು ಕಡಿಯುವ ರಾಯವ್ವನ ಮಗಳು. ಆಕೆ ಇಡೀ ಆಟದಲ್ಲಿ ನೋಡಿದ್ದು ನಮ್ಮ ಗೋಲ್‌ಕೀಪರನೊಬ್ಬನನ್ನೇ.

"ಎಷ್ಟ ಸಲ ಹಾರಿದ ನೋಡ್ರಿ ಮುತ್ತ್ಯಾ," ಅಂದಳು. "ಬೀಳಾಕ ಕೆಳಗ ಎಷ್ಟ ಚಂದ ಹುಲ್ಲ ಐತ್ರಿ."

ಆ ಮಾತು ಕೇಳಿ ನನಗೆ ಆ ಮೂರು ಸೋಲಿಗಿಂತ ಹೆಚ್ಚು ಸಂಕಟವಾಯಿತು. ಯಾಕೆಂದರೆ ಆಕೆ ಆಗ ಹಾರುತ್ತಿದ್ದದ್ದು ಡಾಂಬರು ರಸ್ತೆಯ ಮೇಲೆ. ಅದು ಯಾರ ಕೃಪೆ ಎಂದು ನಿಮಗೂ ಗೊತ್ತು. ಓದುವವರಿಗೂ ಗೊತ್ತಾಗಲಿ.

ನಮ್ಮೂರ ಹೈಸ್ಕೂಲಿನ ಹಿಂದೆ ಗಾಯರಾಣ ಜಾಗ ಇದೆ, ಊರ ದನ ಮೇಯುವ ಜಾಗ. ಆಟ ಕಲಿಸುವ ಅಕ್ಕೋರೊಬ್ಬರು ಅಲ್ಲಿ ಹುಡುಗಿಯರಿಗೆ ಫುಟ್‌ಬಾಲ್ ಹಚ್ಚಿದರು. ಅಕ್ಕೋರಿಗೆ ವರ್ಗವಾಯಿತು, ಆಟ ಮಾತ್ರ ಉಳಿಯಿತು. ಹುಡುಗಿಯರು ಕಲ್ಲು ಆರಿಸಿದರು, ಜಾಲಿ ಕಡಿದರು, ಬಿದಿರು ಹುಗಿದು ಗೋಲು ಮಾಡಿದರು. ದಸರೆ ಮುಗಿದ ಮೇಲೆ ಒಂದು ದಿನ ನೀವು ಬರುತ್ತೀರಿ ಎಂದು ಸುದ್ದಿ ಬಂತು. ಮೈದಾನ ನೋಡಿ, ಸರಿ ಇದ್ದರೆ ಮಾನ್ಯತೆ ಕೊಡುತ್ತೀರಿ, ಬಲೆ ಕೊಡುತ್ತೀರಿ, ಮೂಡಲಗಿಯ ಕಡೆಯ ಆಯ್ಕೆ ಪಂದ್ಯ ನಮ್ಮಲ್ಲೇ ಆಡಿಸುತ್ತೀರಿ ಎಂದರು.

ಊರಿಗೆ ಹಿಗ್ಗೋ ಹಿಗ್ಗು. ನೀವು ಬರುವ ದಿನ ಹುಡುಗಿಯರು ಸಾಲಿಯೊಳಗೆ ಕುಂತಿದ್ದರು. ಸಾಹೇಬರು ಬರುವ ಜಾಗ ಹೇಗಿರಬೇಕು ಎಂದು ಹಿರಿಯರೆಲ್ಲ ಸೇರಿ ವಿಚಾರ ಮಾಡಿದೆವು. ನೆಲ ಸಪಾಟಾಗಿರಬೇಕು, ಗಟ್ಟಿಯಾಗಿರಬೇಕು, ಒಂದು ಹರಳೂ ಇರಬಾರದು. ಅಂಥ ನೆಲ ಮಾಡುವುದು ನಮಗೆ ಒಂದೇ ರೀತಿ ಗೊತ್ತು: ಕಣ. ಈಗ ರಾಶಿ ಮಾಡುವುದಕ್ಕೆ ಮಶೀನು ಬಂದಿದೆ, ನಮ್ಮೂರಲ್ಲಿ ಕಣ ಮಾಡಿ ವರ್ಷಗಳಾದವು. ಆದರೆ ಕೈ ಮರೆತಿರಲಿಲ್ಲ. ನೀರು ಹೊಡೆದೆವು, ಕಲ್ಲಿನ ಉರುಳಿ ಎಳೆದೆವು, ಕಾಶೆವ್ವ ಹೆಂಗಸರನ್ನು ಕಟ್ಟಿಕೊಂಡು ಈ ಗೋಲಿನಿಂದ ಆ ಗೋಲಿನವರೆಗೆ ಸಗಣಿಯಿಂದ ಸಾರಿಸಿದಳು. ಅನ್ನ ಚೆಲ್ಲಿದರೆ ಬಳಿದುಕೊಂಡು ಉಣ್ಣಬೇಕು, ಹಾಗೆ ಮಾಡಿದೆವು. ಕೊನೆಗೆ ಸಿದ್ರಾಯ ಮೇಟಿ ತಂದ. ಮೇಟಿ ಎಂದರೆ ಕಣದ ನಟ್ಟನಡುವೆ ಹುಗಿಯುವ ಕಂಬ. ಎತ್ತುಗಳನ್ನು ಅದಕ್ಕೆ ಕಟ್ಟಿ, ಸುತ್ತ ತಿರುಗಿಸಿ, ತೆನೆ ತುಳಿಸುವುದು. ಮೇಟಿ ಇಲ್ಲದ ಕಣವನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಮೈದಾನದ ನಡುವೆ ಸುಣ್ಣದ ಗೆರೆಯ ಒಂದು ದುಂಡಗಿನ ಗುರುತು ಮೊದಲೇ ಇತ್ತು, ಜಾಗ ತೋರಿಸಿದಂತೆಯೇ ಇತ್ತು. ಅಲ್ಲೇ ಹುಗಿದೆವು. ತುದಿಗೆ ಬೇವಿನ ತಪ್ಪಲ ಕಟ್ಟಿದೆವು, ಕಾಶೆವ್ವ ಪೂಜೆ ಮಾಡಿ ಕಾಯಿ ಒಡೆದಳು.

ಹುಡುಗಿಯರು ಸಾಲಿ ಬಿಟ್ಟು ಓಡಿ ಬಂದರು. ದಾಕ್ಷಾಯಿಣಿ ತಲೆಯ ಮೇಲೆ ಕೈ ಹೊತ್ತಳು.

"ಅಯ್ಯ ಎಪ್ಪಾ! ನಡುವ ಕಂಬ ಯಾಕ ಹುಗದೀರಿ?"

"ಮೇಟಿ ಬ್ಯಾಡೇನ ತಂಗಿ?" ಎಂದ ಸಿದ್ರಾಯ. "ಮತ್ತ ಯಾವುದರ ಸುತ್ತ ತಿರಗ್ತೀರಿ?"

"ನಾವ ತಿರಗೂದಿಲ್ಲೊ ಕಾಕಾ, ಓಡ್ತೇವಿ! ಈ ಕಡಿಂದ ಆ ಕಡಿಗೆ!"

"ಆ ಕಡಿಗ್ಯಾಕ ಹೊಕ್ಕೀರಿ?"

ಕಿತ್ತುಬಿಡೋಣ ಎಂದರೆ ಕಾಶೆವ್ವ ಅಡ್ಡ ನಿಂತಳು. ಪೂಜೆಯಾದ ಮೇಟಿಯನ್ನು ರಾಶಿ ಆಗುವತನಕ ಕೀಳಬಾರದು. ಅಷ್ಟರಲ್ಲಿ ನಿಮ್ಮ ಜೀಪು ಬಂತು.

ನೀವು ಇಳಿದಿರಿ, ನೋಡಿದಿರಿ, ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನಗಬೇಕಾದ ಮಾತೇ, ನಾವೂ ನಿಮ್ಮ ಜೋಡಿ ನಕ್ಕೆವು. ನೀವು ಮೇಟಿಯ ಮೇಲೆ ಕೈ ಇಟ್ಟು ಫೋಟೊ ತೆಗೆಸಿಕೊಂಡಿರಿ, ಚಹಾ ಕುಡಿದಿರಿ, ಹುಡುಗಿಯರು ಆಡುವುದನ್ನು ಮಾತ್ರ ನೋಡಲಿಲ್ಲ. "ಹೊತ್ತಿಲ್ಲ" ಎಂದು ಜೀಪು ಹತ್ತಿದಿರಿ. ಹತ್ತೇ ಹೆಜ್ಜೆ ದೂರದಲ್ಲಿ ಯಶೋಧರಾ ಹೊಸ ಬನಿಯನ್ ಹಾಕಿಕೊಂಡು ಗೋಲಿನಲ್ಲಿ ನಿಂತಿದ್ದಳು. ಒಂದು ಚೆಂಡು ಒದ್ದು ಹೋಗಿದ್ದರೆ ನಿಮ್ಮ ಬೂಟು ಸವೆಯುತ್ತಿತ್ತೇನ್ರಿ?

ನೀವು ಹೋದ ಮೇಲೆ ಏನಾಯಿತೆಂದು ನಿಮಗೆ ಗೊತ್ತಿಲ್ಲ, ಕೇಳಿರಿ. ಕಾಶೆವ್ವ ಮನೆಗೆ ಹೋಗಿ ಒಂದು ಬುಟ್ಟಿ ಜ್ವಾಳ ತಂದಳು. ಮೇಟಿಯ ಬುಡಕ್ಕೆ ಸುರಿದು, "ರಾಶಿ ಆತು ನೋಡ್ರಿ, ಇನ್ನ ಕೀಳ್ರಿ" ಅಂದಳು. ಕಿತ್ತೆವು, ಕುಣಿ ಮುಚ್ಚಿ ಬಡಿದು ಸಪಾಟು ಮಾಡಿದೆವು, ಹುಡುಗಿಯರು ಕತ್ತಲಾಗುವ ಮೊದಲು ಒಂದು ಆಟ ಆಡಿಯೂ ಬಿಟ್ಟರು. ತಪ್ಪು ಮಾಡುವುದು ನಮಗೆ ಬರುತ್ತದೆ, ಅದನ್ನು ಅವತ್ತೇ ಕೀಳುವುದೂ ಬರುತ್ತದೆ.

ನಿಮ್ಮ ಕಡೆಯಿಂದ ಮುಂದಿನ ವಾರ ತಂತಿ ಬೇಲಿ ಬಂತು, ಗೇಟು ಬಂತು, ಕೀಲಿ ಬಂತು. "ಸದರಿ ಜಾಗೆಯು ಕೃಷಿ ಉಪಯೋಗದಲ್ಲಿದ್ದು ಕ್ರೀಡೆಗೆ ಅಯೋಗ್ಯವಾಗಿರುವುದರಿಂದ ಅಭಿವೃದ್ಧಿಯಾಗುವವರೆಗೆ ಪ್ರವೇಶ ನಿಷೇಧ" ಎಂದು ಒಂದು ಬೋರ್ಡು. ಬೋರ್ಡಿನ ಮೇಲೆ ದೇಶದ ತಂಡದ ಚಿತ್ರ, ಬಾಜೂಕ್ಕೆ ನೀವು. ಬೇಲಿಯೊಳಗೆ ಈಗ ಮೊಣಕಾಲೆತ್ತರ ಕಸ ಬೆಳೆದಿದೆ. ಇದನ್ನೇ ನೀವು ಅಭಿವೃದ್ಧಿ ಎನ್ನುವುದಾದರೆ, ಬಹಳ ಚೆನ್ನಾಗಿ ಆಗಿದೆ. ಸಾಲದ್ದಕ್ಕೆ, ಏಷ್ಯಾ ಕಪ್ಪು ಮುಗಿದ ಮೇಲೆ ಬರೆದ ಲೇಖನದ ನಡುವೆ ಆ ಮೇಟಿಯ ಫೋಟೊ ಹಾಕಿ, ಕೆಳಗೆ "ಗ್ರಾಮೀಣ ಅಜ್ಞಾನಕ್ಕೊಂದು ನಿದರ್ಶನ" ಎಂದು ಅಚ್ಚು ಹಾಕಿಸಿದಿರಿ. ನಮ್ಮ ಅಜ್ಞಾನ ಒಂದು ಸಂಜೆ ನಿಂತಿತ್ತು ಸಾಹೇಬರೇ. ನಿಮ್ಮ ಕಚೇರಿಗಳಲ್ಲಿ ಎಷ್ಟು ಮೇಟಿಗಳು ಎಷ್ಟು ವರ್ಷದಿಂದ ನಿಂತಿವೆ, ಲೆಕ್ಕ ಇದೆಯೇ? ದೇಶದ ಫುಟ್‌ಬಾಲು ಆ ಮೇಟಿಗಳ ಸುತ್ತ ಗಾಣದೆತ್ತಿನಂತೆ ತಿರುಗುತ್ತಿದೆ. ಕೋಚು ಬದಲಾಗುತ್ತಾನೆ, ಆಟಗಾರ ಬದಲಾಗುತ್ತಾನೆ, ಅಂಗಿಯ ಬಣ್ಣವೂ ಬದಲಾಗುತ್ತದೆ, ಮೇಟಿ ಅಲ್ಲಾಡುವುದಿಲ್ಲ. ನಮ್ಮ ಮೇಟಿಯ ಬುಡದಲ್ಲಿ ಕಡೆಗೆ ಒಂದು ಬುಟ್ಟಿ ಜ್ವಾಳವಾದರೂ ಇತ್ತು. ನಿಮ್ಮದರ ಬುಡದಲ್ಲಿ ಹೊಟ್ಟು ಬಿಟ್ಟರೆ ಏನಿದೆ?

ಬೇಲಿ ಬಿದ್ದ ಮೇಲೆ ಹುಡುಗಿಯರು ಕಾಲುವೆ ಬಾಜೂಕ ಡಾಂಬರು ರಸ್ತೆಯಲ್ಲಿ ಆಡುತ್ತಾರೆ. ಕಾರಖಾನೆಗೆ ಕಬ್ಬು ಹೋಗುವ ಕಾಲ, ಹಿಂದೆ ಎರಡೆರಡು ಡಬ್ಬಿ, ಅಂದರೆ ಟ್ರೇಲರು, ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಜೋರು ಹಚ್ಚಿಕೊಂಡು ಬರುತ್ತವೆ. ಬಂದಾಗೊಮ್ಮೆ ಆಟ ನಿಲ್ಲುತ್ತದೆ. ಮೊನ್ನೆ ಒಂದು ಚೆಂಡು ಡಬ್ಬಿಯ ಗಾಲಿಗೆ ಸಿಕ್ಕಿ ಠಪ್ಪೆಂದಿತು. ಚೆಂಡಿನ ಹಿಂದೆ ಯಶೋಧರಾ ಹಾರಿದ್ದಳು. ಗಾಲಿಗೂ ಆಕೆಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು. ಮೊಣಕೈಯ ಚರ್ಮ ರಸ್ತೆಯ ಮೇಲೆಯೇ ಉಳಿಯಿತು.

ಅವತ್ತು ಸಂಜೆ ರಾಯವ್ವ ಕಬ್ಬಿನ ಹೊಲದಿಂದ ನೇರ ನಮ್ಮ ಮನೆಗೆ ಬಂದಳು. ಸೊಂಟದಲ್ಲಿ ಕುಡಗೋಲು ಹಾಗೇ ಇತ್ತು.

"ಲಕ್ಕಪ್ಪಣ್ಣಾ, ಮೈದಾನ ಇದ್ದಾಗ ನಾನ ಕಳಸೇನಿ. ಮಂದಿ ಹೆಣ್ಣಹುಡುಗಿಗೆ ಚೊಣ್ಣ ಹಾಕಿ ಕಳಸ್ತಾಳ ಅಂತ ಆಡಕೊಂಡ್ರು, ಆಡಕೊಳ್ಳಿ ಅಂತ ಬಿಟ್ಟೆ. ಖರೆ ಡಾಂಬರ ಮ್ಯಾಲ ಕಳಸೂದಿಲ್ಲ. ಕೀಲಿ ತಗದ್ರ ಆಡ್ತಾಳ. ಇಲ್ಲಾಂದ್ರ ನಾಳಿಂದ ಸಂಜೀಕ ಸಾಲಿ ಬಿಟ್ಟ ಮ್ಯಾಲ ನನ್ನ ಜೋಡಿ ಕಬ್ಬ ಹೊರಾಕ ಬರ್ತಾಳ. ಕೈಕಾಲ ಆದ್ರೂ ನೆಟ್ಟಗ ಉಳೀತಾವು."

ಯಶೋಧರಾ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಅಳಲಿಲ್ಲ. "ಅವ್ವಾ, ಮೂಡಲಗ್ಯಾಗ ಆಯ್ಕೆ ಪಂದ್ಯಕ್ಕ ಇನ್ನ ಎಂಟ ದಿನ ಐತಿ, ಅಲ್ಲೀತನಾ ತಡಿ," ಅಂದಳು ಅಷ್ಟೇ. ರಾಯವ್ವನಿಗೆ ನಾನು ಏನು ಹೇಳಲಿ? ಪೇಪರಿನಲ್ಲಿ ಸಾಹೇಬರು ನಿನ್ನಂಥವರು ಮಗಳನ್ನು ಕಳಿಸುವುದಿಲ್ಲ ಎಂದು ಬರೆದಿದ್ದಾರೆ, ಅವರ ಮಾತು ಸುಳ್ಳಾಗಬಾರದೆಂದು ನೀನೂ ಕಳಿಸಬೇಡ ಎಂದು ಹೇಳಲೇ?

ಮರುದಿನ ನಾನೂ ರಾಯವ್ವನೂ ಬಸ್ಸು ಹಿಡಿದು ಹುಕ್ಕೇರಿಗೆ ಬಂದೆವು. ಅಲ್ಲಿ ನಿಮ್ಮ "ಫುಟ್‌ಬಾಲ್ ಜಾಗೃತಿ ಸಮಾವೇಶ" ಇತ್ತು. ಪೆಂಡಾಲು ಹಾಕಿದ್ದಿರಿ, ಹಾರ ಹಾಕಿಸಿಕೊಂಡಿರಿ, ಉದ್ಘಾಟನೆಗೆಂದು ಚೆಂಡು ಒದೆಯಲು ಎದ್ದಿರಿ. ಬೂಟು ಹಾರಿ ಮುಂದಿನ ಸಾಲಿಗೆ ಹೋಯಿತು, ಚೆಂಡು ಇದ್ದಲ್ಲೇ ಇತ್ತು. ಚಪ್ಪಾಳೆ ಬಿತ್ತು, ಯಾವುದಕ್ಕೆ ಬಿತ್ತೋ ತಿಳಿಯಲಿಲ್ಲ. ಊಟದ ಕಡೆ ನಿಮ್ಮನ್ನು ಹಿಡಿದೆ.

"ಸಾಹೇಬರ, ಕೀಲಿ ತಗೀರಿ. ಹುಡುಗ್ಯಾರು ರಸ್ತೇದಾಗ ಆಡಾಕತ್ತಾರ."

"ಅಜ್ಜಾರ, ಅಭಿವೃದ್ಧಿ ಆಗೂತನಾ ತಡೀರಿ. ಅಂತರರಾಷ್ಟ್ರೀಯ ಮಟ್ಟದ ಹುಲ್ಲು ಹಚ್ಚತೇವಿ."

"ಯಾವಾಗ್ರಿ?"

"ಮಂಜೂರಾತಿ ಬರಬೇಕಲ್ರಿ."

"ಬರೂತನಾ ಹುಡುಗ್ಯಾರು ಮದಿವಿ ಆಗಿ ಹೊಕ್ಕಾರ್ರಿ."

"ನೋಡ್ರಿ, ಇದ ಸಮಸ್ಯೆ," ಎಂದು ನೀವು ಬಾಜೂದವರಿಗೆ ನನ್ನನ್ನು ತೋರಿಸಿ ನಕ್ಕಿರಿ. "ಹಳ್ಳಿಯವರಿಗೆ ಬರೇ ಮದಿವಿ ಚಿಂತಿ." ಜಿಲೇಬಿ ತಿಂದಿರಿ.

ರಾಯವ್ವ ನನ್ನ ರಟ್ಟೆ ಹಿಡಿದು ಹೊರಗೆ ಕರೆತಂದಳು. ಬಸ್‌ಸ್ಟ್ಯಾಂಡಿನಲ್ಲಿ ಅಂದಳು: "ಅಣ್ಣಾ, ಅವರ ಪರಿಚಯ ಆತು. ನಡೀ ಮನಿಗೆ."

ಈಗ ನನ್ನ ಬೇಡಿಕೆ. ವಿನಂತಿ ಅಲ್ಲ, ವಿನಂತಿ ಹುಕ್ಕೇರಿಯಲ್ಲೇ ಮುಗಿಯಿತು. ನಮಗೆ ಹುಲ್ಲು ಬೇಡ, ಬಲೆ ಬೇಡ, ಮಾನ್ಯತೆ ನಿಮ್ಮ ಕಪಾಟಿನಲ್ಲೇ ಇರಲಿ. ಬರುವ ರವಿವಾರ ಸಂಜೆ ನೀವು ನಮ್ಮೂರಿಗೆ ಬರಬೇಕು. ನಿಮ್ಮ ಕಚೇರಿಯವರನ್ನು ಎಷ್ಟು ಮಂದಿಯನ್ನಾದರೂ ಕರೆತನ್ನಿರಿ, ಬೂಟು ಬಿಗಿಯಾಗಿ ಕಟ್ಟಿಕೊಂಡು ಬನ್ನಿರಿ. ಗೋಲಿನಲ್ಲಿ ಯಶೋಧರಾ ಒಬ್ಬಳೇ ನಿಲ್ಲುತ್ತಾಳೆ. ಹೊತ್ತು ಮುಳುಗುವವರೆಗೆ ನಿಮಗೆ ಬೇಕಾದಷ್ಟು ಸಲ ಒದೆಯಿರಿ. ಒಂದೇ ಒಂದು ಒಳಗೆ ಹೋದರೆ ಮೈದಾನ ನಿಮ್ಮದು, ಊರ ಮುಂದೆ ನಾನೇ ನಿಮಗೆ ಹಾರ ಹಾಕಿ, ಪೇಪರಿನಲ್ಲಿ ಬರೆದದ್ದೆಲ್ಲ ಖರೆ ಎಂದು ಒಪ್ಪಿಕೊಳ್ಳುತ್ತೇನೆ. ಹೋಗದಿದ್ದರೆ ಗೇಟು ಇನ್ನು ಮೇಲೆ ತೆರೆದಿರಬೇಕು.

ರಾಯವ್ವ ಅವತ್ತು ಕಬ್ಬು ಕಡಿಯಲು ಹೋಗುವುದಿಲ್ಲ, ಗೋಲಿನ ಹಿಂದೆ ನಿಂತಿರುತ್ತಾಳೆ. ಹಳ್ಳಿಯ ಪಾಲಕರು ಹೆಣ್ಣುಮಕ್ಕಳನ್ನು ಆಟಕ್ಕೆ ಕಳಿಸುವುದಿಲ್ಲ ಎಂಬ ಮಾತನ್ನು ಆಕೆಯ ಮುಖ ನೋಡಿ ಒಮ್ಮೆ ಹೇಳಿರಿ. ಪೇಪರಿನಲ್ಲಿ ಬರೆದಷ್ಟು ಸಲೀಸಾಗಿ ಬರುತ್ತದೋ ನೋಡೋಣ.

ಇನ್ನೊಂದು ಮಾತು. ಈ ಆಟ ಡಾಂಬರಿನ ಮೇಲೆ ಅಲ್ಲ, ಮೈದಾನದಲ್ಲೇ ಆಗಬೇಕು. ಆದ್ದರಿಂದ ಗೆದ್ದರೂ ಸೋತರೂ, ಬರುವಾಗ ಮೊದಲು ಆ ಕೀಲಿ ನೀವೇ ನಿಮ್ಮ ಕೈಯಾರೆ ತೆಗೆಯಬೇಕಾಗುತ್ತದೆ. ಒಮ್ಮೆ ತೆಗೆದು ನೋಡಿರಿ. ಹುಡುಗಿಯರು ಒಳಗೆ ಹೇಗೆ ನುಗ್ಗುತ್ತಾರೆ ಎಂಬುದನ್ನು ಗೇಟಿನ ಬಾಜೂಕ ನಿಂತು ನೋಡಿರಿ. ಆಮೇಲೂ ಮತ್ತೆ ಹಾಕುವ ಕೈ ನಿಮಗಿದ್ದರೆ, ಹಾಕಿಕೊಳ್ಳಿರಿ.

ಇಂತಿ,
ನಿಮ್ಮ ಲೇಖನದ ಪ್ರಕಾರ ಆಟದತ್ತ ಮುಖ ಮಾಡದ ಊರಿನವ,
ಮುಖ ಮಾಡಿದರೆ ಬೇಲಿಯೇ ಕಾಣುವವ,
ಲಕ್ಕಪ್ಪ, ನಾಗನೂರ ಕಡೆಯವ